ಇಸ್ಲಾಮಿನ ಮೊದಲ ಪಾಠಗಳು: ಎಲ್ಲಿಂದ ಶುರು ಮಾಡಬೇಕು, ಯಾವುದರ ನಂತರ ಯಾವುದು

ಇಸ್ಲಾಮ್ ಬಗ್ಗೆ ಕಲಿಯಬೇಕು ಅಂತ ಹೊರಟವರು ಸಾಮಾನ್ಯವಾಗಿ ಎರಡು ಕಡೆ ಸಿಕ್ಕಿಬೀಳುತ್ತಾರೆ. ಕೆಲವರು ಕುರ್‌ಆನ್ ಅನುವಾದ ತಂದು ಮೊದಲ ಪುಟದಿಂದ ಓದಲು ಕೂರುತ್ತಾರೆ. ಎರಡನೇ ಅಧ್ಯಾಯ ಒಂದರಲ್ಲೇ 286 ಸೂಕ್ತಗಳಿವೆ. ಬನೀ ಇಸ್ರಾಯೀಲರ ಕಥೆ, ಉಪವಾಸ, ತಲಾಖ್, ಸಾಲದ ನಿಯಮ ಎಲ್ಲ ಒಟ್ಟಿಗೆ ಬರುತ್ತವೆ. ತಲೆ ತಿರುಗಿ ಪುಸ್ತಕ ಕಪಾಟು ಸೇರುತ್ತದೆ. ಇನ್ನು ಕೆಲವರು ಯೂಟ್ಯೂಬ್ ಚರ್ಚೆಗಳಿಗೆ ಬೀಳುತ್ತಾರೆ. ಯಾವ ಗುಂಪು ಯಾವುದನ್ನು ತಪ್ಪು ಅನ್ನುತ್ತದೆ ಅನ್ನೋದು ಬಾಯಿಪಾಠ ಆಗುತ್ತದೆ, ನಮಾಝಿಗೆ ಮುಂಚಿನ ಅಂಗಶುದ್ಧಿಯಾದ ವುಝೂ ಮಾಡಲು ಮಾತ್ರ ಬರುವುದಿಲ್ಲ.

ಈ ಮಾರ್ಗದರ್ಶಿ ಹೊಸದಾಗಿ ಇಸ್ಲಾಮಿಗೆ ಬಂದವರಿಗೆ. ಮುಸ್ಲಿಂ ಮನೆಯಲ್ಲೇ ಹುಟ್ಟಿದ್ದರೂ ಮದ್ರಸ ಕಲಿಕೆ ಅರ್ಧಕ್ಕೆ ನಿಂತವರಿಗೂ ಆಗುತ್ತದೆ. ಪಕ್ಕದ ಮನೆಯವರ ಬದುಕು ಅರ್ಥ ಮಾಡಿಕೊಳ್ಳಬೇಕು ಅನ್ನುವ ಬೇರೆ ಧರ್ಮದವರೂ ಓದಬಹುದು. ನನ್ನ ಸಲಹೆ ಒಂದೇ: ಮೊದಲು ದಿನಚರಿ ಕಲಿಯಿರಿ, ಅದನ್ನು ಒಂದೇ ಪದ್ಧತಿಯಲ್ಲಿ ಕಲಿಯಿರಿ. ವಾದ ಆಮೇಲೆ ಇದ್ದೇ ಇದೆ.

ಹೆಜ್ಜೆ 1: ಒಂದು ಹದೀಸ್‌ನಿಂದ ಇಡೀ ಚೌಕಟ್ಟು

ಆರಂಭಕ್ಕೆ ನಾನು ಸೂಚಿಸುವುದು ಒಂದು ಘಟನೆ. ಪ್ರವಾದಿ ಮುಹಮ್ಮದರ (ಸ, ಅಂದರೆ ಅವರ ಮೇಲೆ ಅಲ್ಲಾಹನ ಕೃಪೆ, ಶಾಂತಿ ಇರಲಿ) ಸಂಗಾತಿ ಉಮರ್ ಅದನ್ನು ಹೇಳಿದ್ದಾರೆ, ಸಹೀಹ್ ಮುಸ್ಲಿಂ ಎಂಬ ಹದೀಸ್ (ಪ್ರವಾದಿಯ ಮಾತು, ನಡೆಗಳ ವರದಿ) ಸಂಗ್ರಹದಲ್ಲಿದೆ. ಒಂದು ದಿನ ಪ್ರವಾದಿಯ ಬಳಿ ಎಲ್ಲರೂ ಕೂತಿದ್ದರು. ಅಚ್ಚ ಬಿಳಿ ಬಟ್ಟೆ, ಕಡುಕಪ್ಪು ಕೂದಲಿನ ಒಬ್ಬ ಮನುಷ್ಯ ಬಂದ. ಪ್ರಯಾಣದ ಧೂಳಿನ ಗುರುತೂ ಅವನ ಮೇಲಿರಲಿಲ್ಲ, ಊರಿನಲ್ಲಿ ಅವನನ್ನು ಬಲ್ಲವರೂ ಇರಲಿಲ್ಲ. ಪ್ರವಾದಿಯ ಮಂಡಿಗೆ ಮಂಡಿ ತಾಗಿಸಿ ಕೂತು ಪ್ರಶ್ನೆ ಕೇಳಿದ: ಇಸ್ಲಾಮ್ ಅಂದರೇನು? ಈಮಾನ್ ಅಂದರೇನು? ಇಹ್ಸಾನ್ ಅಂದರೇನು?

ಮೊದಲ ಪ್ರಶ್ನೆಗೆ ಸಿಕ್ಕ ಉತ್ತರ ಐದು ಕೆಲಸಗಳು. ಅಲ್ಲಾಹನ ಹೊರತು ಬೇರೆ ಆರಾಧ್ಯರಿಲ್ಲ, ಮುಹಮ್ಮದ್ ಅವನ ದೂತರು ಎಂದು ಸಾಕ್ಷ್ಯ ಹೇಳುವುದು, ನಮಾಝ್ ಮಾಡುವುದು, ಝಕಾತ್ ಎಂಬ ಕಡ್ಡಾಯ ದಾನ ಕೊಡುವುದು, ರಂಝಾನ್ ತಿಂಗಳ ಉಪವಾಸ, ಸಾಧ್ಯವಿದ್ದವರು ಮಕ್ಕಾಕ್ಕೆ ಹಜ್ಜ್ ಯಾತ್ರೆ ಮಾಡುವುದು. ಎರಡನೆಯದಕ್ಕೆ ಆರು ನಂಬಿಕೆಗಳು: ಅಲ್ಲಾಹು, ಅವನ ಮಲಕ್‌ಗಳು ಅಂದರೆ ದೇವಚರರು, ಅವನ ಗ್ರಂಥಗಳು, ಅವನ ದೂತರು, ಅಂತಿಮ ದಿನ, ಒಳಿತು ಕೆಡುಕಿನ ವಿಧಿ. ಮೂರನೆಯದಕ್ಕೆ: ಅಲ್ಲಾಹನನ್ನು ಕಣ್ಣಾರೆ ಕಾಣುತ್ತಿರುವಂತೆ ಆರಾಧಿಸು, ನಿನಗೆ ಅವನು ಕಾಣದಿದ್ದರೂ ಅವನಿಗೆ ನೀನು ಕಾಣುತ್ತೀಯ. ಆ ಮನುಷ್ಯ ಎದ್ದು ಹೋದ ಮೇಲೆ, ಬಂದಿದ್ದವರು ಮಲಕ್ ಜಿಬ್ರೀಲ್, ನಿಮ್ಮ ಧರ್ಮ ಕಲಿಸಲು ಬಂದಿದ್ದರು ಎಂದು ಪ್ರವಾದಿ ಹೇಳಿದರು.

ಇಷ್ಟನ್ನು ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಬರೆದಿಡಿ. ಮುಂದೆ ಏನೇ ಓದಿದರೂ, ಯಾರೇ ಏನೇ ಹೇಳಿದರೂ, ಅದು ಈ ಚೌಕಟ್ಟಿನಲ್ಲಿ ಎಲ್ಲಿ ಬರುತ್ತದೆ ಅಂತ ನೋಡಿ. ಎಲ್ಲೂ ಬರದಿದ್ದರೆ ಹೊಸಬರಿಗೆ ಅದು ಸದ್ಯಕ್ಕೆ ಬೇಡದ ವಿಷಯ ಅಂತ ಧೈರ್ಯವಾಗಿ ಬದಿಗಿಡಬಹುದು.

ಸಾಕ್ಷ್ಯವಚನ ಹೀಗಿದೆ: ಅಶ್‌ಹದು ಅಲ್ಲಾ ಇಲಾಹ ಇಲ್ಲಲ್ಲಾಹ್, ವ ಅಶ್‌ಹದು ಅನ್ನ ಮುಹಮ್ಮದರ್ರಸೂಲುಲ್ಲಾಹ್. ಇದಕ್ಕೇ ಶಹಾದತ್ ಅನ್ನುತ್ತಾರೆ, ಮನೆಮಾತಿನಲ್ಲಿ ಕಲಿಮಾ. ಅರ್ಥ ತಿಳಿದು, ಮನಸ್ಸೊಪ್ಪಿ ಹೇಳಿದರೆ ಸಾಕು, ಮನುಷ್ಯ ಮುಸ್ಲಿಮನಾಗುತ್ತಾನೆ. ಪೂಜಾರಿ, ದೀಕ್ಷೆ ಅಂತ ಏನೂ ಇಲ್ಲ. ಸುಮ್ನೆ ತಿಳಿದುಕೊಳ್ಳಲು ಓದುತ್ತಿರುವವರು ಇದನ್ನು ಹೇಳಬೇಕಾಗಿಲ್ಲ, ಕಲಿಯುವುದಕ್ಕೆ ಮತಾಂತರ ಷರತ್ತಲ್ಲ.

ಹೆಜ್ಜೆ 2: ಪ್ರವಾದಿಯ ಬದುಕು, ಅರ್ಧ ಗಂಟೆಯಷ್ಟು

ಇದನ್ನು ತಿಳಿಯದೆ ಕುರ್‌ಆನ್ ಓದಿದರೆ ಯಾರು ಯಾರಿಗೆ ಹೇಳುತ್ತಿದ್ದಾರೆ ಅನ್ನೋದೇ ಗೊತ್ತಾಗುವುದಿಲ್ಲ. ಮುಹಮ್ಮದ್ ಹುಟ್ಟಿದ್ದು ಮಕ್ಕಾದಲ್ಲಿ, ಸುಮಾರು ಕ್ರಿ.ಶ. 570ರಲ್ಲಿ. ಹುಟ್ಟುವ ಮೊದಲೇ ತಂದೆ ಇಲ್ಲ, ಆರರ ವಯಸ್ಸಿಗೆ ತಾಯಿಯೂ ಇಲ್ಲ. ಅಜ್ಜ, ನಂತರ ದೊಡ್ಡಪ್ಪ ಅಬೂ ತಾಲಿಬ್ ಸಾಕಿದರು. ವ್ಯಾಪಾರಿ ಖದೀಜಾರನ್ನು ಮದುವೆಯಾದರು. ನಲವತ್ತರ ವಯಸ್ಸಿನಲ್ಲಿ, 610ರಲ್ಲಿ, ಹಿರಾ ಗುಹೆಯಲ್ಲಿ ಮೊದಲ ಸಂದೇಶ ಬಂತು. 'ಓದು' ಎಂಬುದೇ ಅದರ ಮೊದಲ ಪದ. ಅದನ್ನು ಮೊದಲು ನಂಬಿದವರು ಖದೀಜಾ.

ಮಕ್ಕಾದಲ್ಲಿ ವಿರೋಧ ತೀವ್ರವಾದಾಗ 622ರಲ್ಲಿ ಮದೀನಾಕ್ಕೆ ವಲಸೆ ಹೋದರು. ಆ ಹಿಜ್ರಾದ ವರ್ಷದಿಂದಲೇ ಇಸ್ಲಾಮೀ ಪಂಚಾಂಗ ಶುರುವಾಗುತ್ತದೆ. 630ರಲ್ಲಿ ಮಕ್ಕಾ ಅವರ ಕೈಗೆ ಬಂತು. 632ರಲ್ಲಿ ಮದೀನಾದಲ್ಲಿ ತೀರಿಕೊಂಡರು. ಹೀಗೆ ಸುಮಾರು 23 ವರ್ಷ ಕುರ್‌ಆನ್ ಸ್ವಲ್ಪ ಸ್ವಲ್ಪವಾಗಿ ಇಳಿಯಿತು. ಮಕ್ಕಾದ ಅಧ್ಯಾಯಗಳು ಹೆಚ್ಚಾಗಿ ಚಿಕ್ಕವು, ನಂಬಿಕೆ ಮತ್ತು ಪರಲೋಕದ ಮಾತು ಜಾಸ್ತಿ. ಮದೀನಾದವು ಉದ್ದ, ಅವುಗಳಲ್ಲಿ ಸಮಾಜದ ಕಟ್ಟಲೆಗಳಿವೆ, ಯುದ್ಧ ಮತ್ತು ಒಪ್ಪಂದದ ಮಾತುಗಳಿವೆ. ಈ ವ್ಯತ್ಯಾಸ ಗೊತ್ತಿದ್ದರೆ ಒಂದು ಸೂಕ್ತವನ್ನು ಹಿಂದೆಮುಂದೆ ಕತ್ತರಿಸಿ ವಾಟ್ಸಾಪಿನಲ್ಲಿ ಹರಿಬಿಟ್ಟದ್ದನ್ನು ನೀವೇ ಗುರುತಿಸುತ್ತೀರಿ.

ಹೆಜ್ಜೆ 3: ಒಂದು ಪದ್ಧತಿ ಆರಿಸಿಕೊಳ್ಳಿ

ಹೊಸಬರ ಪುಸ್ತಕಗಳು ಈ ಹೆಜ್ಜೆಯನ್ನು ಹಾರಿಸಿಬಿಡುತ್ತವೆ. ನಮ್ಮಲ್ಲಿ ಗೊಂದಲ ಶುರುವಾಗುವುದೇ ಇಲ್ಲಿ.

ಸುನ್ನಿ ಮುಸ್ಲಿಮರಲ್ಲಿ ನಾಲ್ಕು ಕರ್ಮಶಾಸ್ತ್ರ ಪದ್ಧತಿಗಳಿವೆ. ಇವನ್ನು ಮದ್‌ಹಬ್ ಅನ್ನುತ್ತಾರೆ: ಹನಫಿ, ಮಾಲಿಕಿ, ಶಾಫಿಈ, ಹಂಬಲಿ. ಕರ್ನಾಟಕದಲ್ಲಿ ಎರಡು ಮುಖ್ಯ. ಕರಾವಳಿಯ ಬ್ಯಾರಿಗಳು, ಭಟ್ಕಳದ ನವಾಯತರು ಶಾಫಿಈ. ಅರಬ್ಬೀ ಸಮುದ್ರದ ವ್ಯಾಪಾರದ ದಾರಿಯಲ್ಲಿ ಬಂದ ಪದ್ಧತಿ ಅದು, ಕೇರಳದಲ್ಲೂ ಅದೇ. ಘಟ್ಟದ ಮೇಲೆ, ಬೆಂಗಳೂರು, ಮೈಸೂರು, ವಿಜಯಪುರ, ಕಲಬುರಗಿ ಕಡೆ ಉರ್ದು, ದಖ್ಖನಿ ಮಾತಾಡುವವರಲ್ಲಿ ಹನಫಿ ಹೆಚ್ಚು. ಯಾವ ಮದ್‌ಹಬ್‌ಗೂ ಕಟ್ಟುಬೀಳದೆ ನೇರವಾಗಿ ಹದೀಸ್ ಹಿಡಿಯುತ್ತೇವೆ ಅನ್ನುವ ಅಹ್ಲೆ ಹದೀಸ್, ಸಲಫಿ ಮಸೀದಿಗಳೂ ಇವೆ. ಗೌರಿಬಿದನೂರು ತಾಲೂಕಿನ ಅಲಿಪುರದಂಥ ಕಡೆ ಶಿಯಾ ಮುಸ್ಲಿಮರಿದ್ದಾರೆ, ಅವರ ಕರ್ಮಶಾಸ್ತ್ರವೇ ಬೇರೆ.

ಪದಗಳೂ ಬದಲಾಗುತ್ತವೆ. ಬೆಂಗಳೂರಿನ ನಮಾಝ್ ಮಂಗಳೂರಿನಲ್ಲಿ ನಿಸ್ಕಾರ, ರೋಝಾ ಅಲ್ಲಿ ನೋಂಬು, ಮಸೀದಿ ಅಲ್ಲಿ ಪಳ್ಳಿ.

ಕೆಲಸದಲ್ಲಿ ವ್ಯತ್ಯಾಸ ಏನು? ನಮಾಝಿನಲ್ಲಿ ಹನಫಿ ಗಂಡಸರು ಹೊಕ್ಕುಳ ಕೆಳಗೆ ಕೈ ಕಟ್ಟುತ್ತಾರೆ, ಶಾಫಿಈಗಳು ಹೊಕ್ಕುಳಿನ ಮೇಲೆ, ಎದೆಯ ಕೆಳಗೆ. ರುಕೂಗೆ ಬಾಗುವಾಗ ಶಾಫಿಈಗಳು ಕೈ ಎತ್ತುತ್ತಾರೆ, ಹನಫಿಗಳು ಎತ್ತುವುದಿಲ್ಲ. ಇಮಾಮ್ ಗಟ್ಟಿಯಾಗಿ ಓದುವ ನಮಾಝಿನಲ್ಲಿ ಶಾಫಿಈ ಮಸೀದಿಯಲ್ಲಿ ಆಮೀನ್ ಜೋರಾಗಿ ಕೇಳುತ್ತದೆ, ಹನಫಿ ಮಸೀದಿಯಲ್ಲಿ ಮೆಲ್ಲಗೆ ಹೇಳುತ್ತಾರೆ. ಸಂಜೆಯ ಅಸರ್ ನಮಾಝ್ ಶಾಫಿಈಯಲ್ಲಿ ಬೇಗ, ಹನಫಿಯಲ್ಲಿ ತಡ. ಐದು ಹೊತ್ತು, ರಕಅತ್ (ನಮಾಝಿನ ಒಂದು ಸುತ್ತು) ಲೆಕ್ಕ, ಕಿಬ್ಲಾ ಅಂದರೆ ಮುಖ ಮಾಡುವ ದಿಕ್ಕು, ನೆಲಕ್ಕೆ ಹಣೆಯಿಡುವ ಸಜ್ದಾ ಇವುಗಳಲ್ಲಿ ಮಾತ್ರ ಇಬ್ಬರಿಗೂ ಭೇದವೇ ಇಲ್ಲ.

ಹಾಗಾದರೆ ಯಾವುದು ಆರಿಸಬೇಕು? ನಿಮ್ಮ ಮನೆ ಹತ್ತಿರದ ಮಸೀದಿಯಲ್ಲಿ, ನಿಮಗೆ ಕಲಿಸುವವರು ಯಾವುದನ್ನು ಮಾಡುತ್ತಾರೋ ಅದು. ಇಷ್ಟೇ. ಯಾವುದು ಹೆಚ್ಚು ಸರಿ ಅಂತ ಹುಡುಕಲು ಹೋಗಬೇಡಿ. ಸಾವಿರ ವರ್ಷದಿಂದ ವಿದ್ವಾಂಸರು ಎರಡನ್ನೂ ಒಪ್ಪಿಕೊಂಡೇ ಬಂದಿದ್ದಾರೆ. ಒಂದೇ ವಾರದಲ್ಲಿ ಎರಡು ಪದ್ಧತಿ ಬೆರೆಸಿ ಕಲಿತರೆ ಮಾತ್ರ ಎರಡೂ ಕೈಗೆ ಹತ್ತುವುದಿಲ್ಲ.

ಹೆಜ್ಜೆ 4: ವುಝೂ

ನಮಾಝಿಗೆ ಮುಂಚೆ ಅಂಗಶುದ್ಧಿ ಬೇಕು. ಕುರ್‌ಆನಿನ ಐದನೇ ಅಧ್ಯಾಯದ ಆರನೇ ಸೂಕ್ತದಲ್ಲಿ ಇದರ ಮೂಲವಿದೆ: ಮುಖ ತೊಳೆಯಿರಿ, ಮೊಣಕೈವರೆಗೆ ಕೈ ತೊಳೆಯಿರಿ, ತಲೆ ಸವರಿ, ಹರಡಿನ ತನಕ ಕಾಲು ತೊಳೆಯಿರಿ. ಈ ನಾಲ್ಕು ಕಡ್ಡಾಯ. ಮನಸ್ಸಿನ ಸಂಕಲ್ಪ ಮತ್ತು ಅನುಕ್ರಮ ಎರಡನ್ನೂ ಶಾಫಿಈಗಳು ಕಡ್ಡಾಯಕ್ಕೇ ಸೇರಿಸುತ್ತಾರೆ. ಉಳಿದದ್ದು ಪ್ರವಾದಿಯ ಮಾದರಿ, ಸುನ್ನತ್.

ಪೂರ್ತಿ ಕ್ರಮ ಹೀಗಿದೆ. ಮನಸ್ಸಿನಲ್ಲಿ ಸಂಕಲ್ಪ ಮಾಡಿ ಬಿಸ್ಮಿಲ್ಲಾಹ್ ಹೇಳಿ. ಮಣಿಕಟ್ಟಿನವರೆಗೆ ಕೈ ಮೂರು ಸಲ ತೊಳೆಯಿರಿ. ಮೂರು ಸಲ ಬಾಯಿ ಮುಕ್ಕಳಿಸಿ, ಮೂರು ಸಲ ಮೂಗಿಗೆ ನೀರು ಎಳೆದು ಹೊರಹಾಕಿ. ಮುಖವನ್ನು ಕೂದಲಂಚಿನಿಂದ ಗಲ್ಲದ ಕೆಳಗಿನವರೆಗೆ, ಒಂದು ಕಿವಿಯಿಂದ ಇನ್ನೊಂದು ಕಿವಿಯವರೆಗೆ ಮೂರು ಸಲ ತೊಳೆಯಿರಿ. ಬಲಗೈ ಮೊಣಕೈ ಸೇರಿ ಮೂರು ಸಲ, ಆಮೇಲೆ ಎಡಗೈ. ಒದ್ದೆ ಕೈಯಿಂದ ತಲೆ ಸವರಿ, ಕಿವಿಯ ಒಳಹೊರಗೆ ಸವರಿ. ಕೊನೆಗೆ ಬಲಗಾಲು, ಎಡಗಾಲು, ಹರಡು ಸೇರಿ ಮೂರು ಸಲ, ಬೆರಳ ಸಂದಿ ಬಿಡದೆ. ಮುಗಿದ ಮೇಲೆ ಕಲಿಮಾ ಹೇಳಿ.

ಹೊಸಬರಲ್ಲಿ ಒಣಗಿ ಉಳಿಯುವುದು ಹೆಚ್ಚಾಗಿ ಮೊಣಕೈಯ ಹಿಂಭಾಗ ಮತ್ತು ಹಿಮ್ಮಡಿ. ಹಿಮ್ಮಡಿ ಒಣಗಿಸಿಕೊಂಡು ಬಂದವರನ್ನು ಪ್ರವಾದಿ ಕಟುವಾಗಿ ಎಚ್ಚರಿಸಿದ ಹದೀಸೇ ಇದೆ. ಉಗುರಿನ ನೈಲ್ ಪಾಲಿಶ್, ಕೈಗೆ ಮೆತ್ತಿದ ಪೇಂಟ್ ನೀರನ್ನು ತಡೆಯುತ್ತವೆ, ತೆಗೆಯಬೇಕು. ಮದರಂಗಿ ಬಣ್ಣ ಮಾತ್ರ, ಅದು ತೊಂದರೆಯಿಲ್ಲ. ನಲ್ಲಿ ಪೂರ್ತಿ ತಿರುಗಿಸಿ ನಿಲ್ಲಬೇಡಿ. ಪ್ರವಾದಿ ಒಂದು ಮುದ್ದ್ ನೀರಿನಲ್ಲಿ ವುಝೂ ಮುಗಿಸುತ್ತಿದ್ದರು, ಇವತ್ತಿನ ಅಳತೆಯಲ್ಲಿ ಮುಕ್ಕಾಲು ಲೀಟರಿನಿಂದ ಒಂದು ಲೀಟರ್ ಅಷ್ಟೇ. ನಮ್ಮ ಮಸೀದಿಗಳ ಹೌಝಿನ ಅಂದರೆ ನೀರಿನ ತೊಟ್ಟಿಯ ಪಕ್ಕ ಸುರಿದುಹೋಗುವ ನೀರು ನೋಡಿದರೆ ಈ ಲೆಕ್ಕ ಗೋಡೆ ಮೇಲೆ ಬರೆಸಬೇಕು ಅನ್ನಿಸುತ್ತದೆ.

ಮಲಮೂತ್ರ, ವಾಯು ಹೋದರೆ, ಗಾಢ ನಿದ್ದೆ ಬಂದರೆ ವುಝೂ ಮುರಿಯುತ್ತದೆ. ಹನಫಿಗಳಲ್ಲಿ ರಕ್ತ ಹರಿದರೂ ಮುರಿಯುತ್ತದೆ. ಶಾಫಿಈಗಳಲ್ಲಿ ಗಂಡ ಹೆಂಡತಿಯ ಚರ್ಮ ತಾಗಿದರೂ ಮುರಿಯುತ್ತದೆ. ದೈಹಿಕ ಸಂಬಂಧ, ವೀರ್ಯಸ್ಖಲನ, ಮುಟ್ಟು, ಬಾಣಂತನದ ರಕ್ತಸ್ರಾವ ನಿಂತ ನಂತರ ವುಝೂ ಸಾಲದು, ಇಡೀ ಮೈಗೆ ನೀರು ತಲುಪುವಂತೆ ಗುಸ್ಲ್ ಅಂದರೆ ಸ್ನಾನ ಬೇಕು. ನೀರೇ ಸಿಗದಿದ್ದರೆ, ಅಥವಾ ಕಾಯಿಲೆಯಿಂದ ನೀರು ಮುಟ್ಟಬಾರದಿದ್ದರೆ, ಶುದ್ಧ ಮಣ್ಣಿನಿಂದ ತಯಮ್ಮುಮ್ ಮಾಡಬಹುದು.

ಹೆಜ್ಜೆ 5: ನಮಾಝ್, ಮೊದಲು ಎರಡು ರಕಅತ್

ದಿನಕ್ಕೆ ಐದು ಹೊತ್ತು. ಬೆಳಗಿನ ಫಜ್ರ್ 2 ರಕಅತ್, ಮಧ್ಯಾಹ್ನದ ಝುಹ್ರ್ 4, ಸಂಜೆಯ ಅಸರ್ 4, ಸೂರ್ಯಾಸ್ತದ ಮಗ್ರಿಬ್ 3, ರಾತ್ರಿಯ ಇಶಾ 4. ಒಟ್ಟು 17 ರಕಅತ್ ಕಡ್ಡಾಯ. ಹಿಂದೆಮುಂದೆ ಮಾಡುವ ಸುನ್ನತ್ ನಮಾಝುಗಳ ಪಟ್ಟಿ ನೋಡಿ ಹೆದರಬೇಡಿ. ಮೊದಲು ಈ 17 ನಿಲ್ಲಲಿ.

ಸಮಯಕ್ಕೆ ಮೊಬೈಲ್ ಆ್ಯಪ್ ಸಾಕು. ಅದರ ಸೆಟ್ಟಿಂಗ್‌ನಲ್ಲಿ ಅಸರ್‌ಗೆ ಹನಫಿ, ಸ್ಟ್ಯಾಂಡರ್ಡ್ ಎಂಬ ಎರಡು ಆಯ್ಕೆ ಇರುತ್ತದೆ. ಶಾಫಿಈಗಳು ಸ್ಟ್ಯಾಂಡರ್ಡ್ ಒತ್ತಬೇಕು. ಊರನ್ನೂ ಸರಿಯಾಗಿ ಕೊಡಿ. ಬೆಂಗಳೂರಿನಲ್ಲಿ ಮಗ್ರಿಬ್ ಆದ ಸುಮಾರು 11 ನಿಮಿಷಕ್ಕೆ ಮಂಗಳೂರಿನಲ್ಲಿ ಆಗುತ್ತದೆ. ಉಪವಾಸ ಬಿಡುವಾಗ ಇದು ಸಣ್ಣ ವಿಷಯ ಅಲ್ಲ. ಕಿಬ್ಲಾ ಅಂದರೆ ಮಕ್ಕಾದ ಕಅಬಾ ಇರುವ ದಿಕ್ಕು. ಬೆಂಗಳೂರಿನಿಂದ ಅದು ನೇರ ಪಶ್ಚಿಮ ಅಲ್ಲ, ಪಶ್ಚಿಮದಿಂದ ಸುಮಾರು 18 ಡಿಗ್ರಿ ಉತ್ತರಕ್ಕೆ ವಾಲಿದೆ.

ಎರಡು ರಕಅತ್ ಕಲಿತರೆ ಉಳಿದದ್ದೆಲ್ಲ ಅದರ ಪುನರಾವರ್ತನೆ. ಕಿಬ್ಲಾಕ್ಕೆ ಮುಖ ಮಾಡಿ ನಿಂತು ಯಾವ ನಮಾಝ್ ಅಂತ ಮನಸ್ಸಿನಲ್ಲಿ ಇಟ್ಟುಕೊಳ್ಳಿ. ಕೈ ಎತ್ತಿ ಅಲ್ಲಾಹು ಅಕ್ಬರ್ ಹೇಳಿ ಕೈ ಕಟ್ಟಿ. ಇಲ್ಲಿಂದ ಮಾತು, ನಗು, ಆಚೀಚೆ ತಿರುಗುವುದು ಇಲ್ಲ. ಕುರ್‌ಆನಿನ ಮೊದಲ ಸೂರಾ (ಅಧ್ಯಾಯ) ಫಾತಿಹಾ ಓದಿ, ನಂತರ ಒಂದು ಚಿಕ್ಕ ಸೂರಾ. ಅಲ್ಲಾಹು ಅಕ್ಬರ್ ಎನ್ನುತ್ತಾ ಬಾಗಿ, ಮಂಡಿ ಹಿಡಿದು, ಬೆನ್ನು ನೆಟ್ಟಗೆ ಮಾಡಿ. ಇದು ರುಕೂ. ಸುಬ್‌ಹಾನ ರಬ್ಬಿಯಲ್ ಅಝೀಮ್ ಮೂರು ಸಲ. ಸಮಿಅಲ್ಲಾಹು ಲಿಮನ್ ಹಮಿದಹ್ ಎಂದು ಎದ್ದು, ಪೂರ್ತಿ ನಿಂತು, ರಬ್ಬನಾ ಲಕಲ್ ಹಮ್ದ್ ಹೇಳಿ. ತಕ್ಬೀರ್ ಅಂದರೆ ಅಲ್ಲಾಹು ಅಕ್ಬರ್ ಹೇಳಿ ಸಜ್ದಾಕ್ಕೆ ಹೋಗಿ. ಹಣೆ ಮೂಗು ಸೇರಿ ಒಂದು, ಎರಡು ಅಂಗೈ, ಎರಡು ಮಂಡಿ, ಎರಡು ಕಾಲಿನ ಬೆರಳುಗಳು, ಹೀಗೆ ಏಳು ಅಂಗ ನೆಲ ಮುಟ್ಟಬೇಕು. ಸುಬ್‌ಹಾನ ರಬ್ಬಿಯಲ್ ಅಅ್‌ಲಾ ಮೂರು ಸಲ. ಎದ್ದು ಕೂತು, ಒಂದು ಕ್ಷಣ ಹಾಗೇ ಇದ್ದು, ಇನ್ನೊಂದು ಸಜ್ದಾ. ಒಂದು ರಕಅತ್ ಆಯಿತು. ಎದ್ದು ಎರಡನೆಯದನ್ನೂ ಹೀಗೇ ಮಾಡಿ. ಕೊನೆಗೆ ಕೂತು ಅತ್ತಹಿಯ್ಯಾತ್, ಪ್ರವಾದಿಯ ಮೇಲಿನ ಸಲಾತ್ ಎಂಬ ಎರಡು ಪ್ರಾರ್ಥನೆ ಓದಿ, ಬಲಕ್ಕೂ ಎಡಕ್ಕೂ ತಿರುಗಿ ಅಸ್ಸಲಾಮು ಅಲೈಕುಮ್ ವ ರಹ್ಮತುಲ್ಲಾಹ್ ಹೇಳಿ ಮುಗಿಸಿ. ಶಾಫಿಈಗಳು ಫಜ್ರ್‌ನ ಎರಡನೇ ರಕಅತ್‌ನಲ್ಲಿ ರುಕೂವಿನಿಂದ ಎದ್ದ ಮೇಲೆ ಕುನೂತ್ ಎಂಬ ಪ್ರಾರ್ಥನೆ ಓದುತ್ತಾರೆ. ಅದನ್ನು ಆಮೇಲೆ ಕಲಿತರಾಯಿತು.

ಬಾಯಿಪಾಠ ಯಾವ ಕ್ರಮದಲ್ಲಿ? ಮೊದಲು ರುಕೂ, ಸಜ್ದಾದ ಚಿಕ್ಕ ವಾಕ್ಯಗಳು. ಅವು ಒಂದೇ ದಿನದಲ್ಲಿ ಬರುತ್ತವೆ, ಧೈರ್ಯವೂ ಬರುತ್ತದೆ. ನಂತರ ಏಳು ಸೂಕ್ತಗಳ ಫಾತಿಹಾ, ದಿನಕ್ಕೊಂದು ಸೂಕ್ತದಂತೆ. ಆಮೇಲೆ ಮೂರು ಸೂಕ್ತಗಳ ಕೌಸರ್, ನಾಲ್ಕು ಸೂಕ್ತಗಳ ಇಖ್ಲಾಸ್. ಕೊನೆಗೆ ಅತ್ತಹಿಯ್ಯಾತ್. ಇದರ ಮಾತುಗಳು ಹನಫಿ, ಶಾಫಿಈಗಳಲ್ಲಿ ಸ್ವಲ್ಪ ಬೇರೆ. ಹಾಗಾಗಿ ಕಲಿಸುವವರನ್ನು ಕೇಳಿಯೇ ಶುರು ಮಾಡಿ.

ಫಾತಿಹಾ ಇನ್ನೂ ಬರದಿದ್ದರೆ ನಮಾಝ್ ಮುಂದೂಡಬೇಕಾ? ಬೇಡ. ನನಗೆ ಕುರ್‌ಆನಿನಿಂದ ಏನೂ ಕಲಿಯಲಾಗುತ್ತಿಲ್ಲ ಎಂದು ಬಂದ ಒಬ್ಬರಿಗೆ, ಸುಬ್‌ಹಾನಲ್ಲಾಹ್, ಅಲ್‌ಹಮ್ದುಲಿಲ್ಲಾಹ್, ಲಾ ಇಲಾಹ ಇಲ್ಲಲ್ಲಾಹ್, ಅಲ್ಲಾಹು ಅಕ್ಬರ್ ಮುಂತಾದವನ್ನು ಹೇಳು ಎಂದು ಪ್ರವಾದಿ ಕಲಿಸಿದ ಹದೀಸ್ ಅಬೂದಾವೂದ್ ಸಂಗ್ರಹದಲ್ಲಿದೆ. ಕಲಿಯುತ್ತಲೇ ಹೀಗೆ ಮಾಡುತ್ತಾ ಹೋಗಬಹುದು.

ಫಾತಿಹಾದ ಅರ್ಥ ಸರಳವಾಗಿ ಹೇಳಿದರೆ ಹೀಗೆ: ಪರಮ ದಯಾಳು, ಕರುಣಾಮಯಿ ಅಲ್ಲಾಹನ ಹೆಸರಿನಿಂದ. ಹೊಗಳಿಕೆಯೆಲ್ಲ ಲೋಕಗಳ ಒಡೆಯನಾದ ಅಲ್ಲಾಹನಿಗೆ. ಅವನು ಪರಮ ದಯಾಳು, ಕರುಣಾಮಯಿ. ತೀರ್ಪಿನ ದಿನದ ಒಡೆಯ. ನಿನ್ನನ್ನೇ ಆರಾಧಿಸುತ್ತೇವೆ, ನಿನ್ನಲ್ಲೇ ನೆರವು ಬೇಡುತ್ತೇವೆ. ನಮ್ಮನ್ನು ನೇರ ದಾರಿಯಲ್ಲಿ ನಡೆಸು. ನೀನು ಅನುಗ್ರಹಿಸಿದವರ ದಾರಿ ಅದು, ನಿನ್ನ ಕೋಪಕ್ಕೆ ಸಿಕ್ಕವರದ್ದಲ್ಲ, ದಾರಿ ತಪ್ಪಿದವರದ್ದೂ ಅಲ್ಲ. ದಿನಕ್ಕೆ 17 ಸಲ ಏನು ಹೇಳುತ್ತಿದ್ದೇವೆ ಅಂತ ಗೊತ್ತಿರಬೇಕು ಅಲ್ವಾ?

ವೇಗದ ಬಗ್ಗೆ ಒಂದು ಮಾತು. ಒಬ್ಬರು ಮಸೀದಿಗೆ ಬಂದು ಗಡಿಬಿಡಿಯಲ್ಲಿ ನಮಾಝ್ ಮುಗಿಸಿ ಪ್ರವಾದಿಗೆ ಸಲಾಮ್ ಹೇಳಿದರು. ವಾಪಸ್ ಹೋಗಿ ನಮಾಝ್ ಮಾಡು, ನೀನು ನಮಾಝ್ ಮಾಡಿಲ್ಲ ಎಂದರು ಪ್ರವಾದಿ. ಮೂರು ಸಲ ಹೀಗಾಯಿತು. ಆಮೇಲೆ ಪ್ರತಿ ಭಂಗಿಯಲ್ಲೂ ಮೈ ನೆಲೆಗೊಳ್ಳುವ ತನಕ ಇರು ಎಂದು ಕಲಿಸಿದರು. ಬುಖಾರಿ, ಮುಸ್ಲಿಂ ಎಂಬ ಎರಡೂ ಹದೀಸ್ ಸಂಗ್ರಹಗಳಲ್ಲಿ ಇದು ಇದೆ. ಉಚ್ಚಾರ ಸ್ವಲ್ಪ ತಪ್ಪಿದ್ದಕ್ಕೆ ಹೊಸಬರು ತುಂಬಾ ಕೊರಗುತ್ತಾರೆ, ಗಡಿಬಿಡಿಯನ್ನು ಗಮನಿಸುವುದೇ ಇಲ್ಲ. ನನ್ನ ಪ್ರಕಾರ ಅದು ಉಲ್ಟಾ ಆಗಬೇಕು.

ಶುಕ್ರವಾರ ಗಂಡಸರಿಗೆ ಝುಹ್ರ್ ಬದಲು ಜುಮಾ: ಖುತ್ಬಾ ಅಂದರೆ ಪ್ರವಚನ, ಎರಡು ರಕಅತ್. ಕರಾವಳಿಯ ಹಲವು ಮಸೀದಿಗಳಲ್ಲಿ ಖುತ್ಬಾ ಅರಬಿ, ಅದಕ್ಕೂ ಮುಂಚಿನ ಭಾಷಣ ಬ್ಯಾರಿ, ಮಲಯಾಳಂ ಅಥವಾ ಕನ್ನಡ. ಘಟ್ಟದ ಮೇಲೆ ಉರ್ದು. ಕನ್ನಡ ಮಾತ್ರ ಬಲ್ಲವರಿಗೆ ಇದು ನಿಜವಾದ ತೊಡಕು. ಕನ್ನಡ ಭಾಷಣ ಇರುವ ಮಸೀದಿ ಸ್ವಲ್ಪ ದೂರವಾದರೂ ವಾರಕ್ಕೊಮ್ಮೆ ಅಲ್ಲಿಗೇ ಹೋಗಿ. ಹೆಂಗಸರಿಗೆ ಜುಮಾ ಕಡ್ಡಾಯವಲ್ಲ. ಕೆಲವು ಮಸೀದಿಗಳಲ್ಲಿ ಅವರಿಗೆ ಬೇರೆ ಜಾಗ ಇದೆ, ಇನ್ನು ಕೆಲವದರಲ್ಲಿ ಇಲ್ಲ. ಮೊದಲೇ ಕೇಳಿಕೊಳ್ಳುವುದು ಒಳ್ಳೆಯದು. ಮುಟ್ಟಿನ ದಿನಗಳಲ್ಲಿ ನಮಾಝ್ ಇಲ್ಲ, ಆಮೇಲೆ ಮಾಡಿ ತೀರಿಸಬೇಕಾಗಿಯೂ ಇಲ್ಲ.

ಹೆಜ್ಜೆ 6: ಕುರ್‌ಆನನ್ನು ಹಿಂದಿನಿಂದ ಓದಿ

ಕುರ್‌ಆನಿನಲ್ಲಿ 114 ಸೂರಾಗಳಿವೆ, ಓದುವ ಅನುಕೂಲಕ್ಕೆ 30 ಭಾಗ. ಇಳಿದ ಕಾಲಕ್ರಮದಲ್ಲಿ ಅವನ್ನು ಜೋಡಿಸಿಲ್ಲ. ಹೆಚ್ಚುಕಡಿಮೆ ಉದ್ದದವು ಮೊದಲು, ಚಿಕ್ಕವು ಕೊನೆಗೆ. ಹಾಗಾಗಿ ಹೊಸಬರು 30ನೇ ಭಾಗದಿಂದ, ಅಂದರೆ 78ರಿಂದ 114ರವರೆಗಿನ ಸೂರಾಗಳಿಂದ ಶುರು ಮಾಡಲಿ. ಮದ್ರಸದ ಮಕ್ಕಳು ಬಾಯಿಪಾಠ ಶುರು ಮಾಡುವುದೂ ಇಲ್ಲಿಂದಲೇ. ನಂತರ 12ನೇ ಸೂರಾ ಯೂಸುಫ್: ಅಣ್ಣಂದಿರು ಬಾವಿಗೆ ತಳ್ಳಿದ ಹುಡುಗ ಈಜಿಪ್ಟಿನ ಅಧಿಕಾರಕ್ಕೆ ಏರುವ ಕಥೆ, ಆರಂಭದಿಂದ ಕೊನೆಯವರೆಗೆ ಒಂದೇ ಎಳೆ. ಆಮೇಲೆ ಮೇರಿ ಮತ್ತು ಯೇಸುವಿನ ಕಥೆ ಬರುವ 19ನೇ ಸೂರಾ ಮರ್ಯಮ್, ತಂದೆ ಮಗನಿಗೆ ಬುದ್ಧಿ ಹೇಳುವ 31ನೇ ಸೂರಾ ಲುಕ್ಮಾನ್. 49ನೇ ಸೂರಾ ಹುಜುರಾತ್ ಬರೇ 18 ಸೂಕ್ತ: ಸುದ್ದಿ ಬಂದರೆ ಪರೀಕ್ಷಿಸಿ, ಗೇಲಿ ಮಾಡಬೇಡಿ, ಅಡ್ಡಹೆಸರು ಇಡಬೇಡಿ, ಬೆನ್ನ ಹಿಂದೆ ಆಡಿಕೊಳ್ಳಬೇಡಿ. ಇಷ್ಟಾದ ಮೇಲೆ ಎರಡನೇ ಸೂರಾ ಹಿಡಿಯಿರಿ, ಆಗ ಅದು ಭಾರ ಅನ್ನಿಸುವುದಿಲ್ಲ. ಇಡೀ ಕುರ್‌ಆನಿನ ಅತಿ ಉದ್ದದ ಸೂಕ್ತ ಅದರಲ್ಲಿದೆ, 282ನೆಯದು. ಸಾಲ ಕೊಟ್ಟು ತೆಗೆದುಕೊಳ್ಳುವಾಗ ಬರೆದಿಟ್ಟುಕೊಳ್ಳಿ, ಸಾಕ್ಷಿ ಇಡಿ ಎನ್ನುವುದೇ ಅದರ ವಿಷಯ!

ಕನ್ನಡ ಅನುವಾದಗಳು ಪುಸ್ತಕವಾಗಿಯೂ ಮೊಬೈಲಿನಲ್ಲೂ ಸಿಗುತ್ತವೆ. ಟಿಪ್ಪಣಿ ಇರುವುದನ್ನು ಆರಿಸಿ. ಯಾವ ಸಂದರ್ಭದಲ್ಲಿ ಇಳಿಯಿತು ಅನ್ನುವ ಎರಡು ಸಾಲು ಎಷ್ಟೋ ಗೊಂದಲ ತಪ್ಪಿಸುತ್ತದೆ.

ಅರ್ಥ ಕನ್ನಡದಲ್ಲಿ ಓದಿ, ಆದರೆ ನಮಾಝಿನ ಪಠಣಕ್ಕೆ ಕನ್ನಡ ಲಿಪಿಯನ್ನೇ ಕಾಯಂ ನಂಬಬೇಡಿ. ಅರಬಿಯಲ್ಲಿ ಸೀನ್, ಸ್ವಾದ್, ಸಾ ಅಂತ ಮೂರು ಬೇರೆ ಅಕ್ಷರಗಳಿವೆ, ಕನ್ನಡದಲ್ಲಿ ಮೂರಕ್ಕೂ 'ಸ' ಬರೆಯುತ್ತೇವೆ. ಗಂಟಲಾಳದ 'ಹ', 'ಅಯ್ನ್' ಇವಕ್ಕೆ ನಮ್ಮಲ್ಲಿ ಅಕ್ಷರವೇ ಇಲ್ಲ. ಅರಬಿ ಅಕ್ಷರ ಬರೇ 28. ಮಕ್ಕಳು ಕಲಿಯುವ ಖಾಯಿದಾ ಪುಸ್ತಕ ಹಿಡಿದು ಯಾರಾದರೂ ಎದುರು ಕೂತು ಓದಿಸಿದರೆ ಕೆಲವೇ ತಿಂಗಳಲ್ಲಿ ಕೂಡಿಸಿ ಓದಲು ಬರುತ್ತದೆ. ದೊಡ್ಡವರು ಮಕ್ಕಳ ಪುಸ್ತಕ ಹಿಡಿಯಲು ನಾಚಿಕೊಂಡೇ ವರ್ಷಗಟ್ಟಲೆ ಕಳೆದುಬಿಡುತ್ತಾರೆ.

ಹದೀಸ್ ಓದಲು ಬುಖಾರಿಯ ಸಂಪುಟಗಳಿಗೆ ಕೈ ಹಾಕಬೇಡಿ. ಅವು ವಿದ್ವಾಂಸರಿಗೆ. 13ನೇ ಶತಮಾನದ ಇಮಾಮ್ ನವವಿ ಆರಿಸಿಕೊಟ್ಟ ನಲವತ್ತು ಹದೀಸ್‌ಗಳ ಸಂಗ್ರಹ ಸಾಕು. ಹೆಸರು ನಲವತ್ತು, ಎಣಿಸಿದರೆ 42. ಮೇಲೆ ಹೇಳಿದ ಜಿಬ್ರೀಲ್ ಘಟನೆ ಅದರಲ್ಲಿ ಎರಡನೆಯದು.

ಹೆಜ್ಜೆ 7: ಉಪವಾಸ

ರಂಝಾನ್ ಇಸ್ಲಾಮೀ ಪಂಚಾಂಗದ ಒಂಬತ್ತನೇ ತಿಂಗಳು. ಚಾಂದ್ರವರ್ಷ 354 ದಿನದ್ದು. ಹಾಗಾಗಿ ಪ್ರತಿ ವರ್ಷ 10–11 ದಿನ ಹಿಂದಕ್ಕೆ ಸರಿಯುತ್ತದೆ, ಸುಮಾರು 33 ವರ್ಷದಲ್ಲಿ ಎಲ್ಲ ಋತುಗಳನ್ನೂ ಸುತ್ತಿ ಬರುತ್ತದೆ. ಬೆಳಗಿನ ಫಜ್ರ್ ಸಮಯದಿಂದ ಸೂರ್ಯಾಸ್ತದವರೆಗೆ ಊಟ, ನೀರು, ದೈಹಿಕ ಸಂಬಂಧ ಇಲ್ಲ. ನೀರೂ ಇಲ್ವಾ ಅಂತ ಕೇಳುವವರಿಗೆ: ಹೌದು, ನೀರೂ ಇಲ್ಲ. ಮರೆತು ತಿಂದರೆ ಉಪವಾಸ ಮುರಿಯುವುದಿಲ್ಲ, ನೆನಪಾದ ತಕ್ಷಣ ನಿಲ್ಲಿಸಿ ಮುಂದುವರಿಸಬೇಕು. ಕಾಯಿಲೆಯವರು, ಪ್ರಯಾಣಿಕರು, ತೊಂದರೆಯಾಗುವ ಗರ್ಭಿಣಿಯರು, ಹಾಲೂಡಿಸುವ ತಾಯಂದಿರು ಉಪವಾಸ ಬಿಟ್ಟು ಆಮೇಲೆ ತೀರಿಸಬಹುದು. ಮುಟ್ಟಿನವರು ಬಿಡಲೇಬೇಕು, ಆಮೇಲೆ ತೀರಿಸಬೇಕು. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ತೆಗೆದುಕೊಳ್ಳುವವರು ಮೊದಲು ಡಾಕ್ಟರ್ ಹತ್ತಿರ ಮಾತಾಡಿ.

ಅಭ್ಯಾಸವಿಲ್ಲದವರು ರಂಝಾನಿಗೆ ಮುಂಚೆಯೇ ಸೋಮವಾರ, ಗುರುವಾರ ಉಪವಾಸ ಮಾಡಿ ನೋಡಬಹುದು, ಅವು ಸುನ್ನತ್ ದಿನಗಳು. ಫಜ್ರ್‌ಗೆ ಮುಂಚಿನ ಸಹರಿ ಊಟ ಬಿಡಬೇಡಿ. ಉಪವಾಸ ಖರ್ಜೂರ, ನೀರಿನಿಂದ ಬಿಟ್ಟು ಮಗ್ರಿಬ್ ಮುಗಿಸಿ, ಆಮೇಲೆ ಊಟಕ್ಕೆ ಕೂತರೆ ಹೊಟ್ಟೆ ಹಗುರವಾಗಿರುತ್ತದೆ. ಸಮೋಸದ ತಟ್ಟೆ ಎಲ್ಲೂ ಓಡಿಹೋಗುವುದಿಲ್ಲ.

ಹಬ್ಬದ ದಿನವೂ ಒಮ್ಮೊಮ್ಮೆ ಬೇರೆಯಾಗುತ್ತದೆ. ದಕ್ಷಿಣ ಕನ್ನಡ, ಉಡುಪಿ ಕಡೆ ಕೇರಳದ ಚಂದ್ರದರ್ಶನ ಅನುಸರಿಸುವುದು ಸಾಮಾನ್ಯ. ಹಾಗಾಗಿ ಮಂಗಳೂರಿನಲ್ಲಿ ಈದ್ ಆದ ದಿನ ಬೆಂಗಳೂರಿನಲ್ಲಿ ಇನ್ನೂ ಉಪವಾಸ ಇರುವುದುಂಟು. ನೀವಿರುವ ಊರಿನ ಜಮಾಅತ್ ಜೊತೆ ಮಾಡಿ.

ಹೆಜ್ಜೆ 8: ಝಕಾತ್, ಹಜ್ಜ್

ಝಕಾತ್ ಉಳಿತಾಯದ ಮೇಲಿನ ಕಡ್ಡಾಯ ದಾನ. ನಿಮ್ಮ ಹಣ, ಚಿನ್ನ, ವ್ಯಾಪಾರದ ಸರಕು ಒಂದು ಮಿತಿ ದಾಟಿ, ಒಂದು ಚಾಂದ್ರವರ್ಷ ಕಳೆದರೆ ಶೇ. 2.5 ಕೊಡಬೇಕು. ನಮ್ಮ ದೇಶದಲ್ಲಿ ರೂಢಿಯ ಮಿತಿ ಏಳೂವರೆ ತೊಲ ಚಿನ್ನ, ಅಂದರೆ ಸುಮಾರು 87.5 ಗ್ರಾಂ, ಅಥವಾ 52.5 ತೊಲ ಬೆಳ್ಳಿ, ಸುಮಾರು 612 ಗ್ರಾಂ. ಸಾಲ ಕಳೆದು 4 ಲಕ್ಷ ರೂಪಾಯಿ ವರ್ಷವಿಡೀ ಉಳಿದಿದ್ದರೆ ಝಕಾತ್ 10,000. ವಾಸದ ಮನೆ, ಓಡಿಸುವ ಗಾಡಿ ಲೆಕ್ಕಕ್ಕಿಲ್ಲ. ಹೆಂಗಸರು ತೊಡುವ ಒಡವೆ? ಹನಫಿಯಲ್ಲಿ ಅದಕ್ಕೂ ಝಕಾತ್ ಇದೆ, ಶಾಫಿಈಯಲ್ಲಿ ಮಿತಿಯಲ್ಲಿ ತೊಡುವ ಒಡವೆಗೆ ಇಲ್ಲ. ಮದ್‌ಹಬ್ ಮೊದಲೇ ಆರಿಸಿಕೊಳ್ಳಿ ಅಂದದ್ದು ಇಂಥ ಕಡೆ ಉಪಯೋಗಕ್ಕೆ ಬರುತ್ತದೆ. ಯಾರಿಗೆ ಕೊಡಬೇಕು ಅನ್ನುವ ಎಂಟು ವರ್ಗಗಳ ಪಟ್ಟಿ ಕುರ್‌ಆನಿನ 9:60ರಲ್ಲಿದೆ. ಬಡವರು, ನಿರ್ಗತಿಕರು, ಸಾಲದಲ್ಲಿ ಮುಳುಗಿದವರು ಅದರಲ್ಲಿದ್ದಾರೆ. ಈದ್ ಫಿತ್ರ್ ನಮಾಝಿಗೆ ಮುಂಚೆ ಕೊಡುವ ಫಿತ್ರ್ ಝಕಾತ್ ಬೇರೆ, ಕರಾವಳಿಯಲ್ಲಿ ಅದನ್ನು ಅಕ್ಕಿಯಲ್ಲೇ ಅಳೆದು ಕೊಡುತ್ತಾರೆ.

ಹಜ್ಜ್ ದುಲ್‌ಹಜ್ಜ್ ತಿಂಗಳ 8ರಿಂದ ಶುರು, ಮುಖ್ಯ ದಿನ 9ರಂದು ಅರಫಾತ್ ಬಯಲಿನಲ್ಲಿ. ದುಡ್ಡು, ಆರೋಗ್ಯ ಇದ್ದವರಿಗೆ ಜೀವನದಲ್ಲಿ ಒಂದು ಸಲ. ಹೊಸಬರು ಸದ್ಯಕ್ಕೆ ಇಷ್ಟು ತಿಳಿದರೆ ಸಾಕು, ಹೋಗುವವರಿಗೆ ಹೊರಡುವ ಮುಂಚೆ ತರಬೇತಿ ಸಿಗುತ್ತದೆ.

ದಿನಬಳಕೆಯ ಕೆಲವು ವಿಷಯ

ಹಂದಿಮಾಂಸ, ರಕ್ತ, ಸತ್ತ ಪ್ರಾಣಿ, ಮದ್ಯ ನಿಷಿದ್ಧ. ಬಡ್ಡಿ ತಿನ್ನುವುದೂ ಕೊಡುವುದೂ ನಿಷಿದ್ಧ. ಜನ ಊಟದ ಹಲಾಲ್ ಬಗ್ಗೆ ತೋರಿಸುವ ಕಾಳಜಿ ಬಡ್ಡಿಯ ಬಗ್ಗೆ ತೋರಿಸುವುದಿಲ್ಲ ಅನ್ನೋದು ಬೇರೆ ಮಾತು. ಹೊಸದಾಗಿ ಬಂದವರು ತಂದೆತಾಯಿಯ ಜೊತೆ ಜಗಳ ಮಾಡಿಕೊಳ್ಳಬೇಕಾಗಿಲ್ಲ. ಅವರು ಬೇರೆ ನಂಬಿಕೆಯವರಾಗಿದ್ದರೂ ಲೋಕದ ವಿಷಯದಲ್ಲಿ ಒಳ್ಳೆಯ ರೀತಿಯಲ್ಲಿ ಬಾಳು ಎಂದು ಸೂರಾ ಲುಕ್ಮಾನ್ ಸ್ಪಷ್ಟವಾಗಿ ಹೇಳುತ್ತದೆ.

ದರ್ಗಾದ ಪ್ರಶ್ನೆ ಬಂದೇ ಬರುತ್ತದೆ. ಕಲಬುರಗಿಯಲ್ಲಿ 1422ರಲ್ಲಿ ತೀರಿಕೊಂಡ ಖ್ವಾಜಾ ಬಂದೇನವಾಝರ ದರ್ಗಾ, ಉಳ್ಳಾಲದ ಸಯ್ಯಿದ್ ಮದನಿ ದರ್ಗಾ, ಇವು ಸಾವಿರಾರು ಜನರ ಭಕ್ತಿಯ ಜಾಗಗಳು. ಅಲ್ಲಿ ಏನು ಮಾಡಬಹುದು, ಏನು ಮಾಡಬಾರದು ಅನ್ನುವುದರಲ್ಲಿ ಮುಸ್ಲಿಮರಲ್ಲೇ ಜೋರು ಭಿನ್ನಾಭಿಪ್ರಾಯ ಇದೆ. ಐದು ಕಡ್ಡಾಯಗಳಲ್ಲಿ ಇದು ಇಲ್ಲ. ಮೊದಲ ವರ್ಷ ಈ ವಾದದಲ್ಲಿ ಯಾವ ಪಕ್ಷವನ್ನೂ ಹಿಡಿಯದೆ ಇರಬಹುದು, ನಿಮ್ಮ ನಮಾಝಿಗೇನೂ ಕೊರತೆ ಆಗುವುದಿಲ್ಲ.

ಕಲಿಸುವವರನ್ನು ಹುಡುಕುವುದು

ವಿಡಿಯೋ ನೋಡಿ ಭಂಗಿ ಕಲಿಯಬಹುದು. ನಿಮ್ಮ ಫಾತಿಹಾ ಕೇಳಿ ತಿದ್ದಲು ಮನುಷ್ಯರೇ ಬೇಕು. ಹತ್ತಿರದ ಮಸೀದಿಯ ಇಮಾಮ್ ಅಥವಾ ಮದ್ರಸದ ಉಸ್ತಾದರಿಂದ ಶುರು ಮಾಡಿ. ಬಾಂಗ್ ಅಂದರೆ ನಮಾಝಿನ ಕರೆ ಆಗುವ ಹೊತ್ತಿಗೆ ಹೋದರೆ ಅವರು ಗಡಿಬಿಡಿಯಲ್ಲಿರುತ್ತಾರೆ. ಅಸರ್ ಮುಗಿದ ಮೇಲೆ ಹೋಗಿ, ಆಗ ಬಿಡುವು ಇರುವುದು ಹೆಚ್ಚು. ಬೇರೆ ಧರ್ಮದವರಾದರೆ ಹಾಗೆಂದೇ ಹೇಳಿ. ಚಪ್ಪಲಿ ಹೊರಗೆ ಬಿಟ್ಟು, ಮೈ ಮುಚ್ಚುವ ಬಟ್ಟೆ ತೊಟ್ಟಿದ್ದರೆ ಸಾಕು. ಹೆಂಗಸರು ಮೊದಲ ಸಲ ಪರಿಚಯದ ಮುಸ್ಲಿಂ ಕುಟುಂಬದ ಮೂಲಕ ಕಲಿಸುವ ಹೆಂಗಸರನ್ನು ಕೇಳುವುದು ಸುಲಭ.

ಪ್ರಶ್ನೆ ಕೇಳಿದ್ದಕ್ಕೆ ಸಿಟ್ಟಾಗುವವರು, ತಮ್ಮ ಗುಂಪಿನವರಷ್ಟೇ ಮುಸ್ಲಿಮರು ಅನ್ನುವವರು, ಮೊದಲ ಭೇಟಿಯಲ್ಲೇ ಹಣ ಕೇಳುವವರು, ಮನೆಯವರಿಂದ ದೂರ ಇರು ಅನ್ನುವವರು ಸಿಕ್ಕರೆ ಸಲಾಮ್ ಹೇಳಿ ಬೇರೆ ಕಡೆ ಹೋಗಿ. ಗೊತ್ತಿಲ್ಲ, ಕೇಳಿ ಹೇಳುತ್ತೇನೆ ಎನ್ನುವ ಉಸ್ತಾದರು ಸಿಕ್ಕರೆ ಬಿಡಬೇಡಿ. ಮೊದಲ ದಿನ ಅವರ ಹತ್ತಿರ ಮೂರೇ ಕೇಳಿ: ನನ್ನ ವುಝೂ ನೋಡುತ್ತೀರಾ, ನನ್ನ ಫಾತಿಹಾ ಕೇಳುತ್ತೀರಾ, ಮುಂದಿನ ವಾರ ಯಾವ ಹೊತ್ತಿಗೆ ಬರಲಿ?